ಐವರ ರಕ್ತ, ಒಂದೇ ಪೆಟ್ಟಿಗೆ

ಅಕ್ಕಾ,

ನೀವು ನಮ್ಮ ಲ್ಯಾಬ್ ಬಿಟ್ಟು ಮೂರು ವರ್ಷವಾಯಿತು. ಈಗ ಎಲ್ಲಿದ್ದೀರೋ, ವಿಚಾರಿಸಲು ನನಗೆ ಮುಖವಿಲ್ಲ. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮಗಳನ್ನು ಕರೆತಂದಿದ್ದಳು. ಮಗುವಿಗೆ ಏನಾಗಿದೆಯೆಂದು ತಿಳಿಯಬೇಕಾದರೆ ರಕ್ತ ಹೊರದೇಶದ ಲ್ಯಾಬ್‌ಗೇ ಹೋಗಬೇಕು. ಕೆಡದಂತೆ ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಕಳಿಸುವ ಖರ್ಚು ಪರೀಕ್ಷೆಯ ಮೂರು ಪಟ್ಟು. "ಪರೀಕ್ಷೆಗೆ ಹೆಂಗೋ ಹೊಂದಿಸ್ಕೊಂಡು ಬಂದೆ ಮೇಡಂ. ರಕ್ತಕ್ಕೂ ಟಿಕೆಟ್ ತಗೋಬೇಕು ಅಂತ ಯಾರೂ ಹೇಳ್ಲಿಲ್ಲ" ಅಂದು ಎದ್ದೇಬಿಟ್ಟಳು.

ಆಗ ನೀವು ಹೇಳುತ್ತಿದ್ದದ್ದು ನೆನಪಾಯಿತು: "ಒಂದು ಟ್ಯೂಬ್ ಹೋದ್ರೂ ಪೆಟ್ಟಿಗೆ ಬಾಡಿಗೆ ಅಷ್ಟೇ, ಹತ್ತು ಹೋದ್ರೂ ಅಷ್ಟೇ ಕಣೇ." ಅವಳನ್ನು ಕೂರಿಸಿ, ನಿಮ್ಮ ಹಾಗೇ ಫೋನು ಹಿಡಿದು ಕೂತೆ. ಮಧ್ಯಾಹ್ನದೊಳಗೆ ಬೇರೆ ಆಸ್ಪತ್ರೆಗಳಿಂದ ಇನ್ನೂ ನಾಲ್ಕು ಮಾದರಿಗಳು ಸಿಕ್ಕವು. ಬಾಡಿಗೆ ಐದು ಪಾಲಾಯಿತು. ಅಷ್ಟಕ್ಕೇ ನನ್ನ ಅರ್ಧ ದಿನ ಹೋಗಿತ್ತು. ನೀವು ಇದನ್ನು ಯಾರೂ ಹೇಳದೆ, ಊಟ ಬಿಟ್ಟು, ವರ್ಷಗಟ್ಟಲೆ ಮಾಡಿದಿರಲ್ಲ! ಒಂದು ದಿನ ಕೂಡ ಅದರ ಕಷ್ಟ ಹೇಳಿಕೊಳ್ಳಲಿಲ್ಲ. ಪೆಟ್ಟಿಗೆ ತುಂಬಲೆಂದು ನೀವು ಕಾದರೆ, ಮಾದರಿ ಕಳಿಸಲು ತಡ ಮಾಡುತ್ತೀರೆಂದು ನಾವು ದೂರು ಬರೆದೆವು. ನೀವು ಲ್ಯಾಬ್ ಬಿಡಲು ಕಾರಣವಾದ ಆ ದೂರಿಗೆ ಮೊದಲ ಸಹಿ ನನ್ನದೇ.

ಹೋಗುವಾಗ ಆ ತಾಯಿ ನನ್ನ ಕೈ ಹಿಡಿದುಕೊಂಡಳು. "ನನ್ನದೇನಿಲ್ಲ, ಇದು ನಮ್ಮಕ್ಕನ ಉಪಾಯ" ಅಂದೆ.

"ಅವರು ಒಳಗಿದ್ದಾರಾ? ಒಂದು ಮಾತು ಹೇಳಿ ಹೋಗ್ತೀನಿ."

"ಇವತ್ತು ರಜೆ" ಅಂದುಬಿಟ್ಟೆ, ಅಕ್ಕಾ.