ಎಡ ಭುಜದ ಹೊಲಿಗೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಾನು ಪರದೆ ಹೊಲಿಯುವ ಅಂಗಡಿಯಲ್ಲಿ ಇರಲೇ ಇಲ್ಲ. ಅಲ್ಲಿದ್ದೇನೆಂದು ನಿನಗೆ ಹೇಳಿದವರು ಮಾವ. ನನ್ನ ಕೈಯಿಂದ ಆ ಸುಳ್ಳನ್ನು ಬರೆಯಲಾಗಲಿಲ್ಲ, ಅದಕ್ಕೇ ಪತ್ರವನ್ನೇ ಬರೆಯಲಿಲ್ಲ. ತಡವಾಗಿದ್ದಕ್ಕೆ ಬೈಯಬೇಡ. ಹಳೆಯ ಪೋಪ್ ಹಾಸಿಗೆ ಹಿಡಿದಾಗಲೇ ಮುಂದಿನವರ ಬಿಳಿ ನಿಲುವಂಗಿಗಳನ್ನು ಹೊಲಿಯಲು ನಿನ್ನ ಅಣ್ಣ ನನ್ನನ್ನು ಇಲ್ಲಿಗೆ, ಪೋಪರ ಅರಮನೆಗೆ, ಕರೆತಂದರು. ಇನ್ನೂ ಬದುಕಿರುವವರ ಜಾಗಕ್ಕೆ ಬರುವವರಿಗೆ ಬಟ್ಟೆ ಹೊಲಿಯುವ ಕೆಲಸ. ಯಾರಿಗೂ ಹೇಳುವ ಹಾಗಿರಲಿಲ್ಲ.

ನೀನು ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ನನಗೆ ಮೈಯೆಲ್ಲ ಸೋತುಹೋಗಿದೆ. ಶಾಲೆಯಲ್ಲಿ ಒಂದು ಬೆಂಚಿನ ಮೇಲೆ ಕೂರಲಾರದೆ ಓಡಿಬಂದವನನ್ನು ಕಿಟಕಿಗೆ ಹಲಗೆ ಬಡಿದ ಮನೆಯಲ್ಲಿ ಕೂಡಿಹಾಕಿದರೆ ಹೇಗಿರುತ್ತದೆ, ನೀನೇ ಯೋಚಿಸು. ಹಳೆಯವರು ತೀರಿಕೊಂಡ ಮೇಲೆ ಕಾರ್ಡಿನಲರೆಲ್ಲ ಬಂದು ಸೇರಿದರು. ಹೊಸ ಪೋಪರನ್ನು ಆರಿಸುವವರೆಗೆ ಅವರೂ ಹೊರಗೆ ಹೋಗುವಂತಿಲ್ಲ, ನಾವೂ ಹೋಗುವಂತಿಲ್ಲ. ಫೋನುಗಳನ್ನು ಕಿತ್ತುಕೊಂಡರು. ಅಡುಗೆಯವರಿಂದ ಹಿಡಿದು ನಮ್ಮವರೆಗೆ ಎಲ್ಲರೂ ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು ಆಣೆ ಮಾಡಿದೆವು: ಆಯ್ಕೆ ಮುಗಿಯುವವರೆಗೆ ಇಲ್ಲಿನ ಮಾತು ಹೊರಗೆ ಹೋಗದು, ಇಲ್ಲಿ ಸುಳ್ಳು ಹೇಳೆವು.

ಯಾರು ಆರಿಸಿಬರುತ್ತಾರೋ ಗೊತ್ತಿಲ್ಲವಲ್ಲ, ಹಾಗಾಗಿ ನಿಲುವಂಗಿ ಮೂರು: ಸಣ್ಣದು, ನಡುವಿನದು, ದೊಡ್ಡದು. ಹೆಚ್ಚುಕಡಿಮೆಯಾದರೆ ಬೆನ್ನಿಗೆ ಪಿನ್ನು ಚುಚ್ಚಿ, ಹೊಸ ಪೋಪರು ಜನರಿಗೆ ಮುಖ ತೋರಿಸುವ ಕಿಟಕಿಗೆ ಕಳಿಸುವುದು. ಮಾವ ಮೊದಲ ದಿನವೇ ಎಚ್ಚರಿಸಿದ್ದರು: "ಲೋ ಪಾದರಸ, ಇಲ್ಲಿ ಕಣ್ಣಲ್ಲಿ ಯಾರ ಅಳತೇನೂ ತೆಗೀಬೇಡ. ನಾವು ಮನುಷ್ಯರಿಗೆ ಹೊಲೀತಿಲ್ಲ, ಕುರ್ಚಿಗೆ ಹೊಲೀತಿದ್ದೀವಿ."

ಆದರೆ ಕಣ್ಣು ಮಾತು ಕೇಳುತ್ತದೆಯೇ? ಕಾರ್ಡಿನಲರಲ್ಲಿ ಒಬ್ಬ ಮುದುಕರು ಗುಂಡಿ ಕಿತ್ತುಹೋದ ಅಂಗಿ ಹಿಡಿದು ತಾವೇ ನಮ್ಮ ಕೋಣೆಗೆ ಬಂದರು. ನನ್ನ ಸ್ಟೂಲಿನ ಮೇಲೆ ಕೂತು, "ಇದೊಂದೇ ಕಡೆ ಯಾರೂ ನನ್ನ ಮುಖ ಓದ್ತಿಲ್ಲ ಕಣಪ್ಪ" ಎಂದು ನಕ್ಕರು. ಅವರ ಎಡ ಭುಜ ಬಲಕ್ಕಿಂತ ಇಳಿದಿತ್ತು. ಮುಖ ನಾನೂ ಓದಲಿಲ್ಲ. ಭುಜ ಓದಿಬಿಟ್ಟೆ.

ಮತ ಹಾಕುವುದು ಮುಗಿಯಲೇ ಇಲ್ಲ. ಊಟದ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಮಧ್ಯಾಹ್ನ ಮಾವ ಗೋಡೆಗೊರಗಿ ತೂಕಡಿಸುತ್ತಿದ್ದರು. ನನಗೆ ಕೈ ತುರಿಸುತ್ತಿತ್ತು. ನಡುವಿನ ನಿಲುವಂಗಿಯ ಎಡ ಭುಜ ಬಿಚ್ಚಿ, ಒಂದಿಷ್ಟು ಇಳಿಸಿ, ಒಳಗೆ ತೆಳ್ಳಗೆ ಹತ್ತಿಯಿಟ್ಟು ಹೊಲಿದೆ. ಅವರೇ ಗೆಲ್ಲಲಿ ಎಂದಲ್ಲ ಅಮ್ಮ. ಆ ಭುಜಕ್ಕೆ ಸರಿಯಾಗಿ ಕೂರುವ ಬಟ್ಟೆ ಹೇಗಿರುತ್ತದೆ ಎಂದು ನೋಡಬೇಕಿತ್ತು, ಅಷ್ಟೆ. ಸಂಜೆ ಬಿಚ್ಚಿದರಾಯಿತು ಎಂದುಕೊಂಡಿದ್ದೆ.

ಸಂಜೆಗೆ ಮುಂಚೆಯೇ ಆಯ್ಕೆ ಮುಗಿದ ಗಂಟೆ ಮೊಳಗಿತು. ಹೊರಗೆ ಜನರ ಕೂಗು ಹಲಗೆ ದಾಟಿ ಬಂತು. ಗೆದ್ದವರು ಆ ಮುದುಕರೇ. ನಡುವಿನ ನಿಲುವಂಗಿ ಎರಕ ಹೊಯ್ದ ಹಾಗೆ ಕೂತಿತು, ಪಿನ್ನೇ ಬೇಡವಾಯಿತು. ತೊಡಿಸುತ್ತಿದ್ದ ಪಾದ್ರಿಯ ಕೈ ಭುಜದ ಮೇಲೆ ನಿಂತುಬಿಟ್ಟಿತು.

ಹೊಸ ಪೋಪರನ್ನು ಕಿಟಕಿಯತ್ತ ಕರೆದೊಯ್ದರು. ನಮ್ಮನ್ನು ಪಕ್ಕದ ಕೋಣೆಗೆ ಕರೆದರು. ಮನೆಯ ಉಸ್ತುವಾರಿಯ ಹಿರಿಯ ಪಾದ್ರಿ ಕೇಳಿದರು: "ದರ್ಜಿಗಳಿಗೆ ಮೊದಲೇ ಗೊತ್ತಿತ್ತು ಅಂದ್ರೆ ಯಾರೋ ಬಾಯಿ ಬಿಟ್ಟಿದ್ದಾರೆ. ಈ ಆಯ್ಕೆನೇ ಮೋಸ ಅಂತಾರೆ ನಾಳೆ ಜನ. ಯಾರು ಹೇಳಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು. "ಯಾರೂ ಹೇಳಿಲ್ಲ ಫಾದರ್. ಹೊಲಿದೋನು ನಾನು. ಕಣ್ಣು ಮಂಜು, ಭುಜ ಸೊಟ್ಟಗಾಯ್ತು. ನನ್ನ ಸೊಟ್ಟ ಅವರ ಸೊಟ್ಟಕ್ಕೆ ಕೂಡಿಬಂತು."

ಆ ಹಿರಿಯರಿಗೂ ನಗು ಬಂತು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಫಾದರ್," ಎಂದೆ. "ಹೊಲಿದಿದ್ದು ನಾನು. ಅವರು ನನ್ನ ಸ್ಟೂಲ್ ಮೇಲೆ ಕೂತಿದ್ರು, ಭುಜ ನೋಡಿದ್ದೆ. ಗೆಲ್ತಾರೆ ಅಂತ ಗೊತ್ತಿರ್ಲಿಲ್ಲ."

ನನ್ನ ಮಾತನ್ನು ನಂಬಿದರು. ಕಿಟಕಿಯಿಂದ ಹಿಂದಿರುಗಿದ ಹೊಸ ಪೋಪರೂ "ಹೌದು, ಕೂತಿದ್ದೆ" ಎಂದರಂತೆ. ಆಯ್ಕೆಗೆ ಕಳಂಕ ಬರಲಿಲ್ಲ. ಆದರೆ ಹಿರಿಯ ಪಾದ್ರಿ ಮಾವನತ್ತ ತಿರುಗಿ ಮೆಲ್ಲಗೆ, "ಆಣೆ ಮಾಡಿ ಸುಳ್ಳು ಹೇಳಿದಿರಲ್ಲ, ಯಜಮಾನರೇ" ಎಂದರು. ಮಾವ ಸೊಂಟದಿಂದ ಹೊಲಿಗೆಕೋಣೆಯ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. ತಲೆಗೂದಲು ಕಪ್ಪಿದ್ದಾಗಿನಿಂದ ಅವರ ಸೊಂಟದಲ್ಲಿದ್ದ ಕೈ ಅದು.

ಮಾವ ಕೆಲಸ ಬಿಟ್ಟು ನಿನ್ನ ಮನೆಗೇ ಬರುತ್ತಿದ್ದಾರೆ. ಏನೂ ಕೇಳಬೇಡ. ಬೆಳಕಿರುವ ಕಡೆ ಕುರ್ಚಿ ಹಾಕಿಕೊಡು. ತಂಗಿಗೆ ನನ್ನ ಆಶೀರ್ವಾದ. ಶಾಲೆ ಬಿಡುವ ವಿಷಯದಲ್ಲಿ ಅಣ್ಣನನ್ನು ನೋಡಿ ಕಲಿಯಬೇಡ ಎಂದು ಹೇಳು. ನಿನ್ನ ಕಾಲಿಗೆ ಬಿದ್ದೆನೆಂದು ತಿಳಿದು ಹರಸು.

ಇಂತು ನಿನ್ನ
ಪಾದರಸ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲಾಗಲಿಲ್ಲ. ಆ ಬೀಗದ ಕೈಯನ್ನು ಮಾವನ ಎದುರಿಗೇ ನನಗೆ ಕೊಟ್ಟರು, ಸತ್ಯ ಹೇಳಿದವನೆಂದು. ಮಾವ, "ತಗೊಳ್ಳೋ, ನಿನ್ನ ಬೆರಳಲ್ಲಿ ಕಸುಬಿದೆ" ಎಂದರು. ಆಮೇಲೆ ನನ್ನ ಜೊತೆ ಒಂದು ಮಾತೂ ಆಡಿಲ್ಲ. ಮಾವನ ಕೆಲಸ ಹೋಗುತ್ತದೆಂದು ಗೊತ್ತಿದ್ದೂ, ನಾಳೆ ಮತ್ತೆ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ ಅಮ್ಮ, ನನಗೆ ನನ್ನದೇ ಭಯ. ಬೀಗದ ಕೈಯನ್ನು ಇಂದು ಹಿಂದಿರುಗಿಸಿದೆ. ಬೇರೆ ಕೆಲಸ ಹುಡುಕಿಕೊಂಡು ನಾಳೆ ಬೆಳಗ್ಗೆ ಇಲ್ಲಿಂದ ಹೊರಡುತ್ತೇನೆ.