ಜಾಲರಿ ಮನೆಯ ಕೃಷ್ಣಕಮಲ

ಶಿರವಾಳ
೨೮ ಜುಲೈ ೨೦೦೪

ಪ್ರೀತಿಯ ಮಜೀದಾ,

ನೀನು, ಭಾಯಿ, ಮಕ್ಕಳು ಎಲ್ಲರೂ ಸುಖವಾಗಿದ್ದೀರೆಂದುಕೊಂಡಿದ್ದೇನೆ. ಬಕ್ರೀದಿಗೆ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈ, ಆದರೆ ಪೂರ್ತಿ ಓದಿ ಬೈ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಅಮ್ಮೀ ಶಹಾಪುರದ ಅಂಗಳದಿಂದ ಕತ್ತರಿಸಿ ಕೊಟ್ಟ ಕೃಷ್ಣಕಮಲದ ಕಡ್ಡಿ ಈಗ ಹೂ ಬಿಟ್ಟಿದೆ! ನಿಮ್ಮಲ್ಲಿ ಬೇವಿನ ನೆರಳಿತ್ತು. ನಮ್ಮದು ಬಟಾಬಯಲು. ಅದಕ್ಕೇ ಇವರು ತೀರಿಕೊಂಡ ಮೇಲೆ ಹೊಲದ ಕಾಲುವೆ ಬದಿಯ ಮೂಲೆಯಲ್ಲಿ ಬಿದಿರು ನೆಟ್ಟು, ಹಸಿರು ಜಾಲರಿ ಹೊದಿಸಿ, ಬಳ್ಳಿಗೊಂದು ಮನೆ ಕಟ್ಟಿದೆ. ಬಿಸಿಲೇರಿದಾಗ ಒಳಗಿನ ನೆಲಕ್ಕೆ ನೀರು ಚಿಮುಕಿಸುತ್ತೇನೆ. ಹೊರಗೆ ಕಲ್ಲು ಕಾದರೂ ಒಳಗೆ ತಂಪು. ಬಳ್ಳಿ ತಂತಿ ಹಿಡಿದು ಮೇಲಿನವರೆಗೂ ಹಬ್ಬಿದೆ. ಬೆಳಿಗ್ಗೆ ಹೋದರೆ ನೇರಳೆ ಎಳೆಗಳ ಚಕ್ರ ಅರಳಿಸಿಕೊಂಡು ಕೂತಿರುತ್ತದೆ. ಸುರಪುರದಲ್ಲಿ ಸಸಿ ಮಾರುವ ಮನ್ಸೂರಅಲಿ ಬಂದು ನೋಡಿ, "ಬೆಹನ್, ಹೊಸಾ ಸಸಿ ಆದ್ರ ನನಗs ಕೊಡ್ರಿ" ಎಂದು ಹೇಳಿ ಹೋಗಿದ್ದಾನೆ.

ನನ್ನ ಮೈದುನ ಅಂಬ್ರಪ್ಪನಿಗೆ ಮಾತ್ರ ಇದು ಕಣ್ಣಿಗೆ ಚುಚ್ಚುವ ಮುಳ್ಳು. ಕಾಲುವೆಗೆ ನೀರು ಬಿಟ್ಟೊಡನೆ ಮೂಲೆಯನ್ನೂ ಸೇರಿಸಿ ಭತ್ತದ ಗದ್ದೆ ಮಾಡುತ್ತೇನೆಂದು ಹೋದ ವಾರ ಟ್ರ್ಯಾಕ್ಟರ್ ತಂದೇಬಿಟ್ಟ. ನಾನು ಜಾಲರಿಯ ಬಾಗಿಲಿಗೆ ಅಡ್ಡ ಕೂತೆ.

"ಅತ್ತಿಗಿ, ಏಳ್ರಿ. ಗಂಡನ್ನ ಕಳಕೊಂಡಾಕಿಗೆ ಹೂವಿನ ಹುಚ್ಚ್ಯಾಕ? ಊರ ಮಂದಿ ನಗಾಕತ್ತಾರ."

"ನಗಲಿ. ನಿಮ್ಮಣ್ಣ ಸತ್ತಾನ, ನಾ ಸತ್ತಿಲ್ಲ. ಹೊಲ ನನ್ನ ಹೆಸರಿಗೈತಿ. ಟ್ರ್ಯಾಕ್ಟರ್ ಹೊಡೀತೀನಿ ಅಂದ್ರ ಮೊದಲ ನನ್ನ ಮ್ಯಾಲ ಹೊಡಿ."

ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ, "ನನಗ್ಯಾಕ್ರಿ ಇದರ ಉಸಾಬರಿ" ಎಂದು ಇಳಿದುಬಿಟ್ಟ. ಅಂಬ್ರಪ್ಪ ಬೈಯುತ್ತ ಹೋದ. ನಾನು ಒಳಗೆ ಹೋಗಿ ಒಂದು ಹೂ ಕಿತ್ತೆ. ತುರುಬಿಗೆ ಸಿಕ್ಕಿಸಿಕೊಂಡೆ. ಮಜೀದಾ, ಐದು ವರ್ಷದ ಮೇಲೆ! ಹಾಗೆಯೇ ಊರೊಳಗೆ ನಡೆದು ಬಂದೆ. ಪಕ್ಕದ ಮನೆಯ ಮೋನಮ್ಮ ಓಡಿ ಬಂದು, "ಯವ್ವಾ ದೇವಕ್ಕ, ತಗಿ ಅದನ್ನ, ಮಂದಿ ನೋಡಾಕತ್ತಾರ" ಎಂದಳು. "ನೋಡ್ಲಿ ಅಂತs ಮುಡದೀನಿ" ಎಂದೆ. ಅವಳು ನನ್ನ ಹಿಂದೆ ಬಂದು ತುರುಬು ನೋಡಿದಳು. "ಚಂದ ಕಾಣ್ತೈತಿ ಬಿಡು" ಎಂದಳು.

ಅಂಬ್ರಪ್ಪ ಮತ್ತೆ ಬಂದಾನು. ಬರಲಿ. ಬಾಗಿಲು ಅಲ್ಲೇ ಇದೆ, ನಾನೂ ಅಲ್ಲೇ ಇರುತ್ತೇನೆ. ಭಾಯಿಗೆ ಸಲಾಮು ಹೇಳು. ನಿನ್ನ ಮಕ್ಕಳು ಯಾರಿಗೂ ತಲೆ ಬಗ್ಗಿಸದೆ ಬೆಳೆಯಲಿ, ಇದೇ ನನ್ನ ಆಶೀರ್ವಾದ.

ನಿನ್ನ
ದೇವಕ್ಕ

ತಾ.ಕ.: ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ನೀನು ಕೇಳುತ್ತೀ. ಟ್ರ್ಯಾಕ್ಟರ್ ಬರುವ ಹಿಂದಿನ ವಾರ ಸುರಪುರದಲ್ಲಿ ಬಸುರಿಯಾದ ನನ್ನ ಮಗಳು ಅಮೃತಾಳ ಕುಬಸ ಇತ್ತು. ಹಸಿರು ಸೀರೆ, ಬಳೆ ತೆಗೆದುಕೊಂಡು ಹೋಗಿದ್ದೆ. ವಿಧವೆಯಾದ ನಾನು ಆರತಿ ತಟ್ಟೆಗೆ ಕೈ ಹಾಕಿದಾಗ ಅವಳ ಅತ್ತೆ ಏನೂ ಅನ್ನಲಿಲ್ಲ. ನನ್ನ ಮುಂಗೈ ಹಿಡಿದವಳು ಅಮೃತಾ. "ಅವ್ವಾ, ನೀ ಸ್ವಲ್ಪ ಒಳಗ ಕುಂದ್ರು" ಎಂದಳು. ನಾನು ತಟ್ಟೆ ಬಿಟ್ಟು ಒಳಗೆ ಹೋಗಿ ಕೂತೆ. ಅಂದು ಎದ್ದು ಹೋದೆನಲ್ಲ, ಅದಕ್ಕೇ ಜಾಲರಿಯ ಬಾಗಿಲಿನಿಂದ ಏಳಲಿಲ್ಲ.

ಹೆರಿಗೆಗೆ ಅವಳು ನನ್ನ ಮನೆಗೇ ಬರಬೇಕು. ಬರಲಿ. ಆ ಕೂಸನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುವವಳು ನಾನೇ.