ಆವಿಯ ಚಕ್ರ

ಗುರುವಾರ, ಮಾರ್ಚ್ ೧೪

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ನಾನು ಮಾಡಿಕೊಟ್ಟ ಟಚ್ ಸ್ಕ್ರೀನಿನಲ್ಲಿ ಬಣ್ಣದಕ್ಕ ಇವತ್ತು ಮತ್ತೆ ಆವಿ ಜಾಸ್ತಿ ಬಿಟ್ಟು, ಒಂದು ಬಾನಿ ನೀಲಿ ಬಣ್ಣ ಕೆಡಿಸಿದಳು. ಇದು ಮೂರನೇ ಸಲ. ಸೋಮವಾರದಿಂದ ಬಟ್ಟೆ ಮಡಚುವ ಕೆಲಸಕ್ಕೆ ಹೋಗು ಎಂದುಬಿಟ್ಟ ಮ್ಯಾನೇಜರ್. ಇಪ್ಪತ್ತಾರು ವರ್ಷ ಬಣ್ಣ ಹಾಕಿದವಳಿಗೆ! ಅವಳು ಸ್ಕ್ರೀನನ್ನು ಬೈದಳು. ಕುಣಿಯಲಾರದವಳಿಗೆ ನೆಲ ಡೊಂಕು ಎಂದುಕೊಂಡೆ ನಾನು.

ಆದರೂ ಮನಸ್ಸು ತಡೆಯಲಿಲ್ಲ. ಊಟದ ಹೊತ್ತಿನಲ್ಲಿ ಇನ್ನೂ ಕೈಚಕ್ರವಿರುವ ಮೂಲೆಯ ಹಳೆ ಬಾನಿಯ ಹತ್ತಿರ ಅವಳನ್ನು ಕೇಳಿದೆ, "ಅಕ್ಕಾ, ಈ ಆವಿಯ ಚಕ್ರ ಎಷ್ಟು ತಿರುಗಿಸ್ತಿದ್ದೆ?"

"ಬಾಯಲ್ಲಿ ಹೇಳೋಕೆ ಬರಲ್ಲ ಕಣೇ. ಕೈ ಕೊಡಿಲ್ಲಿ."

ನನ್ನ ಕೈಯನ್ನು ಚಕ್ರದ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ಸಲೀಸಾಗಿ ತಿರುಗುತ್ತಿದ್ದ ಚಕ್ರ ಒಂದು ಕಡೆ ಚೂರೇ ಚೂರು ಬಿಗಿಯಾಯಿತು.

"ಇಲ್ಲಿ ನಿಲ್ಲಿಸ್ಬೇಕು. ದಾಟಿದ್ರೆ ನೀಲಿ ಕೆಟ್ಟ ಹಾಗೇನೇ. ನಿನ್ನ ಗಾಜು ಏನೂ ಹೇಳಲ್ವಲ್ಲ, ಎಲ್ಲಿ ಮುಟ್ಟಿದ್ರೂ ಒಂದೇ ನುಣುಪು."

ಮೂರು ಸಲ ತಪ್ಪಿ, ನಾಲ್ಕನೇ ಸಲ ಕಣ್ಣು ಮುಚ್ಚಿ ನಾನೊಬ್ಬಳೇ ತಿರುಗಿಸಿದೆ. ಸರಿಯಾಗಿ ಅಲ್ಲೇ ನಿಂತೆ. ಖುಷಿಗೆ ಬೆನ್ನಿಗೊಂದು ಗುದ್ದಿದಳು, ಇನ್ನೂ ನೋಯುತ್ತಿದೆ.

ನೆಲವೇ ಡೊಂಕಿತ್ತು. ಹಾಸಿದವಳು ನಾನೇ.

ಸಂಜೆ ಮ್ಯಾನೇಜರ್ ಮುಂದೆ ಅದನ್ನೇ ಒಪ್ಪಿಕೊಂಡೆ. ಸ್ಕ್ರೀನಿನ ಪಕ್ಕ ಅದೇ ಜಾಗದಲ್ಲಿ ಬಿಗಿಯಾಗುವ ಚಕ್ರವೊಂದನ್ನು ಜೋಡಿಸುತ್ತೇನೆ, ಅಲ್ಲಿಯವರೆಗೆ ಅವಳನ್ನು ಕದಲಿಸಬೇಡಿ ಎಂದೆ. ಗೊಣಗಿದ, ಆದರೆ ಒಂದು ವಾರ ಕೊಟ್ಟ.

ಈಗ ಮನೆಯಲ್ಲಿ ಮುಖ ತೊಳೆದು ನಲ್ಲಿ ನಿಲ್ಲಿಸಲು ತಿರುಗಿಸಿದರೆ, ಚೂರು ಬಿಗಿಯಾದ ಕೂಡಲೇ ಕೈ ತಾನಾಗಿಯೇ ನಿಂತುಬಿಟ್ಟಿತು. ಬಚ್ಚಲಲ್ಲಿ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಎದ್ದು ಪೂರ್ತಿ ನಿಲ್ಲಿಸಬೇಕು, ಆದರೆ ಆ ಸದ್ದು ಇವತ್ತೇಕೋ ಹಿತವಾಗಿದೆ.